ಸೇತುವೆ ಮತ್ತು ಸುದ್ದಿ: ವಿಪತ್ತಿನ ಕಾಲದಲ್ಲಿ ಸೇನಾ ಇಂಜಿನಿಯರರ ಕಾರ್ಯ

ಪೀಠಿಕೆ

2024ನೆಯ ಇಸವಿಯ ಜುಲೈ 30ರ ಬೆಳಗಿನ ಜಾವದಲ್ಲಿ ಕೇರಳದ ವಯನಾಡು ಜಿಲ್ಲೆಯ ಮೇಪ್ಪಾಡಿ ಪಂಚಾಯಿತಿಗೆ ಸೇರಿದ ಬೆಟ್ಟವೊಂದು ಕುಸಿಯಿತು. ಸಮುದ್ರಮಟ್ಟದಿಂದ ಸುಮಾರು 1,550 ಮೀಟರು ಎತ್ತರದಲ್ಲಿ ಸಡಲಿದ ಮಣ್ಣು ಬಂಡೆಗಳು ಮಳೆಯ ನೀರಿನೊಡನೆ ಸೇರಿ, ಹೊಳೆಯ ಪಾತ್ರವನ್ನೇ ದಾರಿಯಾಗಿ ಮಾಡಿಕೊಂಡು, ಸುಮಾರು 8 ಕಿಲೋಮೀಟರು ದೂರ ಹರಿದುವು. ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆ ಎಂಬ ಊರುಗಳು ಅದರ ಬಾಯಿಗೆ ಸಿಕ್ಕಿದುವು. ಮಡಿದವರ ಸಂಖ್ಯೆ ಇನ್ನೂರನ್ನು ಮೀರಿತು. ಅಲ್ಲಿನ ತೋಟಗಳಲ್ಲಿ ದುಡಿಯುತ್ತಿದ್ದ ನಮ್ಮ ಚಾಮರಾಜನಗರದ ಕಡೆಯ ಕುಟುಂಬದವರೂ ಅವರಲ್ಲಿ ಇದ್ದರು.

ಚೂರಲ್‌ಮಲೆಗೂ ಮುಂಡಕ್ಕೈಗೂ ನಡುವೆ ಇದ್ದ ಸೇತುವೆ ಆ ಪ್ರವಾಹದಲ್ಲಿ ಕೊಚ್ಚಿಹೋಯಿತು. ಹೊಳೆಯ ಆಚೆ ಮಣ್ಣಿನಡಿ ಸಿಕ್ಕಿದವರಿದ್ದರು. ಈಚೆ ಮಣ್ಣನ್ನು ಅಗೆಯುವ ಯಂತ್ರಗಳಿದ್ದುವು. ಈ ಎರಡರ ನಡುವೆ ಬೇಕಾಗಿದ್ದುದು 190 ಅಡಿಯ ಒಂದು ದಾರಿ. ಆಗಸ್ಟ್ 1ರ ಸಂಜೆಯ ಹೊತ್ತಿಗೆ ಬೆಂಗಳೂರಿನ ಮದರಾಸು ಇಂಜಿನಿಯರ್ ದಳದವರು ಆ ದಾರಿಯನ್ನು ಉಕ್ಕಿನಿಂದ ಕಟ್ಟಿ ಮುಗಿಸಿದರು.

ಪತ್ರಿಕೆಗಳಲ್ಲಿ ಈ ಸುದ್ದಿಯನ್ನು ಓದಿದ ವಿದ್ಯಾರ್ಥಿಗಳು ನಮ್ಮನ್ನು ಕೇಳಿದ ಪ್ರಶ್ನೆಗಳು ಎರಡು. ವರ್ಷಗಟ್ಟಲೆ ಹಿಡಿಯುವ ಸೇತುವೆಯ ಕೆಲಸ ಒಂದೆರಡು ದಿನದಲ್ಲಿ ಮುಗಿಯುವುದು ಹೇಗೆ ಸಾಧ್ಯ, ಎಂಬುದು ಮೊದಲನೆಯದು. ಹಾಗೆ ಸಾಧ್ಯವಿದ್ದ ಪಕ್ಷದಲ್ಲಿ ಅದು ಮೂರನೆಯ ದಿನದ ಸಂಜೆಗೆ ಬದಲಾಗಿ ಮೊದಲನೆಯ ದಿನವೇ ಏಕೆ ಆಗಲಿಲ್ಲ, ಎಂಬುದು ಎರಡನೆಯದು. ಮೊದಲನೆಯದಕ್ಕೆ ಯಂತ್ರಶಾಸ್ತ್ರ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಉತ್ತರ ಬಹುಮಟ್ಟಿಗೆ ಸುದ್ದಿಯ ಸಾಗಣೆಯಲ್ಲಿಯೂ ಮುಂಚಿತವಾದ ಸಿದ್ಧತೆಯಲ್ಲಿಯೂ ಇದೆ. ಈ ಲೇಖನದಲ್ಲಿ ನಾವು ಇವೆರಡನ್ನೂ ಒಟ್ಟಿಗೆ ವಿವೇಚಿಸಲು ಯತ್ನಿಸುತ್ತೇವೆ.

1. ಅಗೆಯುವವರು, ಕಟ್ಟುವವರು, ಸುದ್ದಿ ಕಳುಹುವವರು

ಸೇನಾ ಇಂಜಿನಿಯರನನ್ನು 'ಸ್ಯಾಪರ್' ಎಂದು ಕರೆಯುವ ವಾಡಿಕೆಯುಂಟು. ಕೋಟೆಯನ್ನು ಮುತ್ತಿದ ಸೈನ್ಯವು ಗೋಡೆಯ ಬುಡವನ್ನು ಸೇರಲು ತೋಡುತ್ತಿದ್ದ ಕಂದಕಕ್ಕೆ ಫ್ರೆಂಚ್ ಭಾಷೆಯಲ್ಲಿದ್ದ ಹೆಸರಿನಿಂದ ಈ ಮಾತು ಹುಟ್ಟಿತು. ಹಾರೆ ಗುದ್ದಲಿಗಳೇ ಅವನ ಮೊದಲ ಆಯುಧಗಳು. ಕಾಲಕ್ರಮದಲ್ಲಿ ದಾರಿ ಮಾಡುವುದು, ಹೊಳೆ ದಾಟಿಸುವುದು, ನೀರನ್ನು ಒದಗಿಸುವುದು, ಹೂತಿಟ್ಟ ಸಿಡಿಮದ್ದನ್ನು ತೆಗೆಯುವುದು ಇವೆಲ್ಲವೂ ಅವನ ಪಾಲಿಗೆ ಬಂದುವು.

ಭಾರತದ ಸೈನ್ಯದಲ್ಲಿ ಇಂತಹ ಮೂರು ಪ್ರಾಚೀನ ಪಂಗಡಗಳಿವೆ: ಮದರಾಸಿನದು, ಬಂಗಾಳದ್ದು, ಬೊಂಬಾಯಿಯದು. ಹೆಸರು ಹೀಗಿದ್ದರೂ ಅವುಗಳ ಮನೆಗಳು ಬೇರೆಡೆ ಇವೆ. ಬಂಗಾಳ ಪಂಗಡದ ಕೇಂದ್ರ ರೂರ್ಕಿ. ಬೊಂಬಾಯಿ ಪಂಗಡದ್ದು ಪುಣೆಯ ಬಳಿಯ ಖಡಕಿ. 1780ರಲ್ಲಿ 'ಮದರಾಸು ಪಯನೀರ್ಸ್' ಎಂಬ ಹೆಸರಿನಲ್ಲಿ ಹುಟ್ಟಿದ ಪಂಗಡವು 1834ರಲ್ಲಿ ಬೆಂಗಳೂರಿಗೆ ಬಂದು, ಹಲಸೂರು ಕೆರೆಯ ಮಗ್ಗುಲಲ್ಲಿ ನೆಲೆಸಿತು. ಬೆಂಗಳೂರಿಗರು ಇಂದಿಗೂ 'ಎಂ.ಇ.ಜಿ.' ಎಂದು ಕರೆಯುವುದು ಇದನ್ನೇ. ಇಂಜಿನಿಯರ್ ದಳದ ಧ್ಯೇಯವಾಕ್ಯ 'ಸರ್ವತ್ರ' ಎಂಬ ಒಂದೇ ಸಂಸ್ಕೃತ ಪದ.

ಸುದ್ದಿ ಕಳುಹುವ ಸಿಗ್ನಲ್ಸ್ ದಳವು ಈ ಇಂಜಿನಿಯರರ ಮನೆಯಿಂದಲೇ ಹೊರಬಂದ ಕವಲೆಂಬುದನ್ನು ಓದುಗರು ಗಮನಿಸಬೇಕು. ತಂತಿಯನ್ನು ಎಳೆದು ಕಂಬ ನೆಡುವ ಕೆಲಸ ಮೊದಲು ಇಂಜಿನಿಯರರದೇ ಆಗಿತ್ತು. ಭಾರತದಲ್ಲಿ ಪ್ರತ್ಯೇಕವಾದ ಸಿಗ್ನಲ್ ಕಂಪನಿಗಳು ರೂಪುಗೊಂಡದ್ದು 1911ನೆಯ ಫೆಬ್ರವರಿ 15ರಂದು. ಆ ದಿನವನ್ನೇ ಸಿಗ್ನಲ್ಸ್ ದಳ ತನ್ನ ಹುಟ್ಟಿದ ದಿನವೆಂದು ಆಚರಿಸುತ್ತದೆ. ಇಂಗ್ಲೆಂಡಿನಲ್ಲಿ ಈ ಬೇರ್ಪಡೆ 1920ರಲ್ಲಿ ಪೂರ್ಣವಾಯಿತು. ಒಂದು ದಳ ದೇಹವನ್ನು ಹೊಳೆ ದಾಟಿಸುತ್ತದೆ, ಇನ್ನೊಂದು ದಳ ಮಾತನ್ನು ದಾಟಿಸುತ್ತದೆ. ವಿಪತ್ತಿನ ಸ್ಥಳದಲ್ಲಿ ಈ ಹಳೆಯ ದಾಯಾದಿಗಳು ಮತ್ತೆ ಒಂದೇ ಮನೆಯವರಾಗಬೇಕಾಗುತ್ತದೆ.

2. ಬೇಲಿ ಸೇತುವೆಯ ಮರ್ಮ

ವಯನಾಡಿನಲ್ಲಿ ಕಟ್ಟಿದ್ದು ಬೇಲಿ ಸೇತುವೆ. ಇದು ಬೇಲಿ ಎಂಬ ಕನ್ನಡದ ಮಾತಲ್ಲ. ಡೊನಾಲ್ಡ್ ಬೇಲಿ ಎಂಬ ಇಂಗ್ಲಿಷ್ ಇಂಜಿನಿಯರನ ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಕ್ರೈಸ್ಟ್‌ಚರ್ಚ್ ಎಂಬ ಊರಿನಲ್ಲಿದ್ದ ಸೇತುವೆ ಪ್ರಯೋಗ ಸಂಸ್ಥೆಯಲ್ಲಿ, ಆತ ಇದನ್ನು ರೂಪಿಸಿದ. 1941ರಿಂದ ಇದು ಸೈನ್ಯದ ಬಳಕೆಗೆ ಬಂದಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಆತನಿಗೆ 'ಸರ್' ಪದವಿ ದೊರೆಯಿತು.

ಇದರ ಮೂಲಾಂಗವು ಪ್ಯಾನೆಲ್ ಎಂಬ ಉಕ್ಕಿನ ಚೌಕಟ್ಟು. ಅದರ ಉದ್ದ 10 ಅಡಿ, ಎತ್ತರ ಸುಮಾರು 5 ಅಡಿ. ತೂಕ 570 ಪೌಂಡು, ಎಂದರೆ ಸುಮಾರು 260 ಕಿಲೋಗ್ರಾಂ. ಈ ತೂಕ ಅಕಸ್ಮಾತ್ತಾಗಿ ಬಂದುದಲ್ಲ. ಆರು ಜನ ಹೊತ್ತರೆ ತಲೆಗೆ 43 ಕಿಲೋಗ್ರಾಂ ಬೀಳುತ್ತದೆ. ಒಂದು ಗೋಣಿ ಸಿಮೆಂಟಿಗಿಂತ ಸ್ವಲ್ಪ ಕಡಿಮೆ. ಎತ್ತುವ ಯಂತ್ರ ಬಾರದ ಕಡೆಯಲ್ಲಿಯೂ ಮನುಷ್ಯರ ತೋಳಿನಿಂದಲೇ ಕೆಲಸ ನಡೆಯಬೇಕೆಂಬುದು ಅದನ್ನು ರೂಪಿಸಿದವನ ಮೊದಲ ಷರತ್ತಾಗಿತ್ತು. ಚೌಕಟ್ಟುಗಳನ್ನು ತುದಿಗೆ ತುದಿ ಸೇರಿಸಿ ಉಕ್ಕಿನ ಗೂಟಗಳನ್ನು ಹೊಡೆದರೆ ಎರಡು ಪಕ್ಕದ ತೊಲೆಗಳು ಸಿದ್ಧವಾಗುತ್ತವೆ. ಅವೆರಡರ ನಡುವೆ ಅಡ್ಡತೊಲೆಗಳು, ಅವುಗಳ ಮೇಲೆ ಉದ್ದಪಟ್ಟಿಗಳು, ಅವುಗಳ ಮೇಲೆ ಹಲಗೆಯ ಅಥವಾ ಉಕ್ಕಿನ ಹಾಸು. ಬೆಸುಗೆ ಬೇಡ, ಗಾರೆ ಬೇಡ, ಗಾರೆ ಒಣಗುವ ತನಕ ಕಾಯುವುದೂ ಬೇಡ.

ಹೆಚ್ಚಿನ ಭಾರ ಹೊರಬೇಕಾದರೆ ಚೌಕಟ್ಟುಗಳನ್ನು ಪಕ್ಕಪಕ್ಕದಲ್ಲಿ ಎರಡು ಅಥವಾ ಮೂರು ಸಾಲಾಗಿ ನಿಲ್ಲಿಸುತ್ತಾರೆ. ಅಗತ್ಯ ಬಿದ್ದರೆ ಒಂದರ ಮೇಲೊಂದರಂತೆ ಅಂತಸ್ತನ್ನೂ ಏರಿಸುತ್ತಾರೆ. ಒಂದೇ ಬಗೆಯ ಅಂಗದಿಂದ ನಾನಾ ಬಲದ ಸೇತುವೆಗಳು ಹೀಗೆ ಹುಟ್ಟುತ್ತವೆ. 190 ಅಡಿಗೆ 19 ಅಂಕಣಗಳು ಬೇಕು. ಪ್ರತಿ ಪಕ್ಕಕ್ಕೆ ಒಂದೇ ಸಾಲಾದರೆ 38 ಚೌಕಟ್ಟುಗಳು; ಎರಡೆರಡು ಸಾಲಾದರೆ 76. ಎರಡನೆಯ ಲೆಕ್ಕದಲ್ಲಿ ಚೌಕಟ್ಟುಗಳ ತೂಕವೇ ಸುಮಾರು 20 ಟನ್ನು. ಅಡ್ಡತೊಲೆ ಹಾಸುಗಳ ತೂಕ ಬೇರೆ. ಇದಿಷ್ಟನ್ನೂ ಘಟ್ಟದ ರಸ್ತೆಯಲ್ಲಿ ಲಾರಿಗಳ ಮೇಲೆ ತರಬೇಕೆಂಬುದನ್ನು ಮರೆಯಬಾರದು.

3. ತಳ್ಳುವ ವಿದ್ಯೆ

ನೀರಿನಲ್ಲಿ ಇಳಿಯದೆ, ಆಚೆಯ ದಡದಲ್ಲಿ ಎತ್ತುವ ಯಂತ್ರವಿಲ್ಲದೆ, ಇಷ್ಟು ಭಾರದ ವಸ್ತುವನ್ನು ಹೊಳೆಯ ಮೇಲೆ ಹೇಗೆ ಸಾಗಿಸುವುದು? ಇದು ಬಲವಿಜ್ಞಾನದ ತರಗತಿಗೆ ಯೋಗ್ಯವಾದ ಪ್ರಶ್ನೆ.

ಸೇತುವೆಯನ್ನು ಈಚೆಯ ದಡದ ಮೇಲೆ ಉರುಳೆಗಳ ಮೇಲೆ ಕಟ್ಟಿ ಮುಂದಕ್ಕೆ ತಳ್ಳುತ್ತಾರೆ. ತುದಿ ಹೊಳೆಯ ಮೇಲೆ ಆಧಾರವಿಲ್ಲದೆ ಚಾಚುತ್ತ ಹೋಗುತ್ತದೆ. ತೂಕ ಎಲ್ಲೆಡೆ ಸಮನಾಗಿದ್ದರೆ ಅರ್ಧ ಭಾಗ ದಡವನ್ನು ದಾಟಿದ ಕ್ಷಣದಲ್ಲಿಯೇ ಅದು ಮುಗ್ಗರಿಸುತ್ತದೆ. ಇದನ್ನು ತಪ್ಪಿಸಲು ಮುಂದುಗಡೆ ಬರಿಯ ಚೌಕಟ್ಟುಗಳಿಂದಾದ, ಹಾಸಿಲ್ಲದ ಹಗುರವಾದ 'ಮೂಗು' ಒಂದನ್ನು ಜೋಡಿಸುತ್ತಾರೆ. ಮೂಗು ಆಚೆಯ ದಡದ ಉರುಳೆಯನ್ನು ಮುಟ್ಟುವವರೆಗೂ ಇಡೀ ರಚನೆಯ ಗುರುತ್ವಕೇಂದ್ರವು ಈಚೆಯ ಉರುಳೆಯ ಹಿಂದೆಯೇ ಉಳಿಯಬೇಕು. ಇದೇ ನಿಯಮದ ಸಾರ. ಉದಾಹರಣೆಗೆ, 100 ಅಡಿಯ ಸೇತುವೆಗೆ, ಮೂಗಿನ ತೂಕ ಅಡಿಯೊಂದಕ್ಕೆ ಸೇತುವೆಯ ಮೂರನೆಯ ಒಂದರಷ್ಟು ಎಂದಿಟ್ಟುಕೊಂಡರೆ, ಸುಮಾರು 65 ಅಡಿಯ ಮೂಗು ಬೇಕಾಗುತ್ತದೆಂದು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಚಾಚಿದ ತುದಿ ತನ್ನ ಭಾರದಿಂದ ಜೋಲುವುದರಿಂದ ಮೂಗನ್ನು ಸ್ವಲ್ಪ ಮೇಲ್ಮುಖವಾಗಿ ಬಾಗಿಸಿರುತ್ತಾರೆ. ಆಚೆ ದಡ ಸೇರಿದ ಮೇಲೆ ಮೂಗನ್ನು ಕಳಚಿ, ಸೇತುವೆಯನ್ನು ಅದರ ಪೀಠದ ಮೇಲೆ ಇಳಿಸಿ, ಹಾಸನ್ನು ಪೂರ್ತಿ ಮಾಡುತ್ತಾರೆ.

ವಯನಾಡಿನಲ್ಲಿ ಹೊಳೆ ತನ್ನ ಹಳೆಯ ದಡಗಳನ್ನು ತಿಂದು ಅಗಲವಾಗಿತ್ತು. ಆದುದರಿಂದ ಪ್ರವಾಹದ ನಡುವೆ ಒಂದು ಆಧಾರವನ್ನು ನಿಲ್ಲಿಸಿ, ಅದರ ಮೇಲೆ ಸೇತುವೆಯನ್ನು ಸಾಗಿಸಿದರು. ಈ ನಡುಗಂಬದ ಲಾಭವನ್ನು ಅಂಕಿಗಳಲ್ಲಿ ನೋಡಬಹುದು. ಸಮನಾಗಿ ಹರಡಿದ ಭಾರದಿಂದ ತೊಲೆಯಲ್ಲಿ ಹುಟ್ಟುವ ಬಾಗುಬಲವು ಅಂತರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅಂತರವನ್ನು ಅರ್ಧ ಮಾಡಿದರೆ ಬಾಗುಬಲ ಕಾಲುಭಾಗಕ್ಕೆ ಇಳಿಯುತ್ತದೆ. ಒಂದೇ ಕಡೆ ಬೀಳುವ ವಾಹನದ ಭಾರದಿಂದಾಗುವ ಬಾಗುಬಲವಾದರೆ ಅರ್ಧಕ್ಕೆ ಇಳಿಯುತ್ತದೆ. ಸುಮಾರು 24 ಟನ್ನಿನ ವರ್ಗದ ವಾಹನಗಳು ದಾಟುವಂತೆ ಆ ಸೇತುವೆಯನ್ನು ಕಟ್ಟಲಾಯಿತು. ಅಗೆಯುವ ಯಂತ್ರಗಳೂ ಆಂಬುಲೆನ್ಸುಗಳೂ ದಾಟಲು ಅಷ್ಟು ಬಲ ಬೇಕಾಗಿತ್ತು.

ಜುಲೈ 31ರಂದು ಆರಂಭವಾದ ಜೋಡಣೆ ಮಳೆಯಲ್ಲಿಯೇ ರಾತ್ರಿಯಿಡೀ ನಡೆದು ಮರುದಿನ ಸಂಜೆ ಮುಗಿಯಿತು. ಆ ತಂಡದಲ್ಲಿ ಮುಂದೆ ನಿಂತವರಲ್ಲಿ ಮೇಜರ್ ಸೀತಾ ಶೆಲ್ಕೆ ಎಂಬ ಮಹಿಳಾ ಅಧಿಕಾರಿ ಒಬ್ಬರು. ಅವರ ಚಿತ್ರ ಪತ್ರಿಕೆಗಳಲ್ಲಿ ಬಹುವಾಗಿ ಪ್ರಕಟವಾಯಿತು. ಚೌಕಟ್ಟು ಹೊತ್ತ ಜವಾನರ ಹೆಸರು ಯಾವ ಪತ್ರಿಕೆಯಲ್ಲಿಯೂ ಪೂರ್ತಿಯಾಗಿ ಬರುವುದು ಸಾಧ್ಯವಿಲ್ಲ. ಈ ಸೇತುವೆಯ ಸ್ವಭಾವವೇ ಹಾಗೆ, ಆರು ಜನರ ಹೆಗಲಿಲ್ಲದೆ ಅದರ ಒಂದು ಅಂಗವೂ ಕದಲುವುದಿಲ್ಲ.

4. ಮೂರನೆಯ ದಿನ ಏಕೆ?

ಈಗ ಎರಡನೆಯ ಪ್ರಶ್ನೆಗೆ ಬರೋಣ. ಮೊದಲ ದಿನ ಸೈನಿಕರೂ ರಾಷ್ಟ್ರೀಯ ವಿಪತ್ತು ನಿವಾರಣಾ ಪಡೆಯವರೂ ಸ್ಥಳೀಯರೂ ಹಗ್ಗಗಳ ಆಧಾರದಿಂದ ಜನರನ್ನು ದಾಟಿಸಿದರು. ಅನಂತರ ನಡೆದುಹೋಗಲು ಕಾಲುಸೇತುವೆಯಾಯಿತು. ಕಾಲುಸೇತುವೆಯ ಮೇಲೆ ಗಾಯಗೊಂಡವನನ್ನು ಈಚೆಗೆ ತರಬಹುದು; ಬಂಡೆಯನ್ನೆತ್ತುವ ಯಂತ್ರವನ್ನು ಆಚೆಗೆ ಕಳುಹಲಾಗದು. ದೊಡ್ಡ ಸೇತುವೆಯ ಸಾಮಗ್ರಿಯ ಒಂದು ಭಾಗ ಬೆಂಗಳೂರಿನಿಂದ ರಸ್ತೆಯ ಮೂಲಕ ಬರಬೇಕಾಯಿತು. ಇನ್ನೊಂದು ಭಾಗ ದೆಹಲಿಯಿಂದ ವಿಮಾನದಲ್ಲಿ ಕಣ್ಣೂರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಘಟ್ಟ ಹತ್ತಬೇಕಾಯಿತು.

ಆದುದರಿಂದ ಕಾಲವನ್ನು ನುಂಗಿದ್ದು ಜೋಡಣೆಯೊಂದೇ ಅಲ್ಲ. ಕೇಳುವುದು, ಅಳೆಯುವುದು, ತರುವುದು ಎಂಬ ಮೂರು ಹಂತಗಳು ಅದಕ್ಕಿಂತ ಮುಂಚೆಯೇ ಇವೆ. ನಮ್ಮ ದೇಶದಲ್ಲಿ ಸೈನ್ಯ ತಾನಾಗಿಯೇ ಬಂದು ನಾಗರಿಕ ಆಡಳಿತವನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ನಾಗರಿಕ ಅಧಿಕಾರಿಗಳು ಕೇಳಿದಾಗ ನೆರವಿಗೆ ಬರುತ್ತದೆ. ಇದು ಪ್ರಜಾಪ್ರಭುತ್ವಕ್ಕೆ ತಕ್ಕುದಾದ ಕ್ರಮ. 2005ರ ವಿಪತ್ತು ನಿರ್ವಹಣಾ ಶಾಸನವೂ ಹೊಣೆಯನ್ನು ಮೊದಲು ಜಿಲ್ಲೆಯ ಆಡಳಿತದ ಮೇಲೆಯೇ ಇರಿಸಿದೆ. ಆದರೆ ಕೇಳಬೇಕಾದವನಿಗೆ ಏನನ್ನು ಕೇಳಬೇಕೆಂಬುದು ತಿಳಿದಿರಬೇಕು. 'ಸೇತುವೆ ಹೋಗಿದೆ, ಸಹಾಯ ಕಳುಹಿಸಿ' ಎಂಬ ಮಾತಿನಿಂದ ಇಂಜಿನಿಯರನಿಗೆ ಏನೂ ತಿಳಿಯದು. ಅಂತರವೆಷ್ಟು, ದಡಗಳ ಎತ್ತರದಲ್ಲಿ ವ್ಯತ್ಯಾಸವೆಷ್ಟು, ಈಚೆಯ ದಡದಲ್ಲಿ ಜೋಡಣೆಗೆ ಎಷ್ಟು ಉದ್ದದ ಸಮನೆಲವಿದೆ, ಲಾರಿ ಅಲ್ಲಿಯವರೆಗೆ ಬರಬಹುದೇ, ಯಾವ ತೂಕದ ವಾಹನ ದಾಟಬೇಕು, ಈ ಐದು ಸಂಗತಿಗಳು ತಿಳಿದರೆ ಉಗ್ರಾಣದಲ್ಲಿ ಕುಳಿತವನು ಲಾರಿಗಳಿಗೆ ಸಾಮಾನು ಹೇರಲು ತೊಡಗಬಹುದು. ಈ ಐದು ಅಂಕಿಗಳನ್ನು ಸ್ಥಳದಿಂದ ಉಗ್ರಾಣಕ್ಕೆ ಮುಟ್ಟಿಸುವುದು ಸುದ್ದಿಸಾಗಣೆಯ ಕೆಲಸ.

5. ದೂರವಾಣಿ ಏಕೆ ಮೂಕವಾಗುತ್ತದೆ

ಎಲ್ಲರ ಕೈಯಲ್ಲಿಯೂ ಮೊಬೈಲ್ ಫೋನಿರುವ ಈ ಕಾಲದಲ್ಲಿ ಸುದ್ದಿಯ ಚಿಂತೆಯೇಕೆಂದು ಕೆಲವರು ಕೇಳಬಹುದು. ಮೊಬೈಲು ಕೇವಲ ಕೊನೆಯ ಒಂದೆರಡು ಮೈಲಿಗಳ ಮಟ್ಟಿಗೆ ನಿಸ್ತಂತು. ಗೋಪುರದಿಂದ ಆಚೆಗೆ ಅದು ನೆಲದಡಿಯ ಗಾಜಿನೆಳೆಯನ್ನೋ, ಬೆಟ್ಟದಿಂದ ಬೆಟ್ಟಕ್ಕೆ ಹಾಯುವ ಮೈಕ್ರೋವೇವ್ ಕಿರಣವನ್ನೋ ನಂಬಿದೆ. ವಿಪತ್ತಿನಲ್ಲಿ ಅದು ನಾಲ್ಕು ವಿಧವಾಗಿ ಕೆಡುತ್ತದೆ. ಗೋಪುರವೇ ಬೀಳಬಹುದು. ರಸ್ತೆ ಕುಸಿದಾಗ ರಸ್ತೆಯ ಮಗ್ಗುಲಲ್ಲಿ ಹೂತ ಎಳೆ ಕಡಿಯಬಹುದು. ವಿದ್ಯುತ್ತು ನಿಂತು, ಬ್ಯಾಟರಿ ಬರಿದಾಗಿ, ಡೀಸೆಲ್ ತರುವ ದಾರಿಯಿಲ್ಲದೆ ಹೋಗಬಹುದು. ಇವಾವುವೂ ಆಗದಿದ್ದರೂ ಎಲ್ಲರೂ ಏಕಕಾಲದಲ್ಲಿ ಕರೆ ಮಾಡತೊಡಗಿದರೆ ಮಾರ್ಗ ಕಿಕ್ಕಿರಿದು ಯಾರ ಮಾತೂ ಹೋಗದಿರಬಹುದು. ಏಕೆಂದರೆ ಗೋಪುರದ ಸಾಮರ್ಥ್ಯವನ್ನು ನಿಶ್ಚಯಿಸುವುದು ಚಂದಾದಾರರಲ್ಲಿ ಒಂದು ಸಣ್ಣ ಭಾಗ ಮಾತ್ರ ಒಮ್ಮೆಗೆ ಮಾತನಾಡುವರೆಂಬ ಎಣಿಕೆಯ ಮೇಲೆ.

1999ರ ಅಕ್ಟೋಬರ್ 29ರಂದು ಒಡಿಶಾದ ತೀರವನ್ನು ಹೊಡೆದ ಮಹಾಚಂಡಮಾರುತದಲ್ಲಿಯೂ, 2001ರ ಜನವರಿ 26ರ ಕಚ್ಛ್ ಭೂಕಂಪದಲ್ಲಿಯೂ, 2014ರ ಸೆಪ್ಟೆಂಬರಿನ ಕಾಶ್ಮೀರದ ಜಲಪ್ರಳಯದಲ್ಲಿಯೂ ಈ ಮೌನ ಅನುಭವಕ್ಕೆ ಬಂದಿತು. ನೆಲದ ಜಾಲ ಮುರಿದಾಗಲೆಲ್ಲ ಸೈನ್ಯದ ನಿಸ್ತಂತು, ಉಪಗ್ರಹದ ದೂರವಾಣಿ ಮತ್ತು ಹವ್ಯಾಸಿ ರೇಡಿಯೋದವರ ಮೊರೆ ಹೋಗಬೇಕಾಯಿತು. ವಯನಾಡಿನಲ್ಲಿ ಭಾಗ್ಯವಶಾತ್ ಚೂರಲ್‌ಮಲೆಯಲ್ಲಿದ್ದ ಬಿ.ಎಸ್.ಎನ್.ಎಲ್. ಗೋಪುರ ಉಳಿದುಕೊಂಡಿತ್ತು, ವಿದ್ಯುತ್ತಿಲ್ಲದಾಗ ಅದನ್ನು ಡೀಸೆಲ್ ಯಂತ್ರದಿಂದ ನಡೆಸಿದರು. ಜೊತೆಗೆ ಹವ್ಯಾಸಿ ರೇಡಿಯೋ ಬಳಗದವರು ಕಲ್ಪೆಟ್ಟದ ಜಿಲ್ಲಾಧಿಕಾರಿಯ ಕಚೇರಿಯಲ್ಲಿ ತಮ್ಮ ಕೇಂದ್ರವನ್ನು ತೆರೆದು, ವಿಪತ್ತಿನ ಸ್ಥಳದೊಡನೆ ಮಾತಿನ ಸಂಬಂಧವನ್ನು ಇರಿಸಿಕೊಂಡರು.

6. ಸಂಚಾರೀ ಸುದ್ದಿಯ ಮೂರು ಮಾರ್ಗಗಳು

ಹೊತ್ತುಕೊಂಡು ಹೋಗಿ ಎಲ್ಲಿ ಬೇಕಾದರಲ್ಲಿ ಹೂಡಬಹುದಾದ ಸುದ್ದಿಯ ಮಾರ್ಗಗಳು ಮುಖ್ಯವಾಗಿ ಮೂರು.

ಮೊದಲನೆಯದು ಕೈಯಲ್ಲಿ ಹಿಡಿಯುವ ಅತ್ಯುಚ್ಚ ಆವರ್ತದ ರೇಡಿಯೋ, ಅರ್ಥಾತ್ ವಾಕಿ-ಟಾಕಿ. ಇದರ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಅಂಟೆನಾದ ಎತ್ತರವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. 2 ಮೀಟರು ಎತ್ತರಕ್ಕೆ ಇದು 6 ಕಿಲೋಮೀಟರಿಗಿಂತ ಕಡಿಮೆ. 100 ಮೀಟರು ಎತ್ತರದ ದಿಬ್ಬಕ್ಕೆ 41 ಕಿಲೋಮೀಟರು. ಆದುದರಿಂದ ಬೆಟ್ಟದ ನೆತ್ತಿಯ ಮೇಲೆ ಒಂದು ಮರುಪ್ರಸಾರಕವನ್ನಿಟ್ಟರೆ ಎರಡು ಕಣಿವೆಗಳು ಪರಸ್ಪರ ಮಾತನಾಡಬಲ್ಲವು. ಅದಿಲ್ಲದಿದ್ದರೆ ಒಂದು ಗುಡ್ಡದ ಮರೆಯಲ್ಲಿರುವವನು ಕೂಗಳತೆಯಲ್ಲಿದ್ದರೂ ಇಲ್ಲದವನಂತೆಯೇ.

ಎರಡನೆಯದು ಹ್ರಸ್ವತರಂಗದ ರೇಡಿಯೋ. ಸಾಮಾನ್ಯವಾಗಿ ಇದನ್ನು ದೂರದೇಶದ ಮಾತಿಗೆ ಬಳಸುತ್ತಾರೆ. ಆದರೆ ತಂತಿಯ ಅಂಟೆನಾವನ್ನು ನೆಲದಿಂದ ಕೆಲವೇ ಮೀಟರು ಮೇಲೆ ಅಡ್ಡಲಾಗಿ ಕಟ್ಟಿದರೆ ಅಲೆಗಳು ಬಹುತೇಕ ನೆಟ್ಟಗೆ ಮೇಲಕ್ಕೆ ಹೋಗುತ್ತವೆ. ಇನ್ನೂರು ಮುನ್ನೂರು ಕಿಲೋಮೀಟರು ಎತ್ತರದಲ್ಲಿರುವ ಅಯಾನುಗೋಳದಿಂದ ಹಿಂದಿರುಗಿ, ಕಾರಂಜಿಯ ನೀರಿನಂತೆ ಸುತ್ತಮುತ್ತಲ ಕೆಲವು ನೂರು ಕಿಲೋಮೀಟರುಗಳಲ್ಲಿ ಬೀಳುತ್ತವೆ. ಕಣಿವೆಯ ಗೋಡೆಗಳು ಇವಕ್ಕೆ ಅಡ್ಡಿಯಲ್ಲ. ಹಗಲಿನಲ್ಲಿ ಸುಮಾರು 7 ಮೆಗಾಹರ್ಟ್ಸ್, ರಾತ್ರಿಯಲ್ಲಿ ಸುಮಾರು 3ರಿಂದ 4 ಮೆಗಾಹರ್ಟ್ಸ್ ಆವರ್ತಗಳು ಇದಕ್ಕೆ ಒದಗುತ್ತವೆ. 7 ಮೆಗಾಹರ್ಟ್ಸಿಗೆ ಬೇಕಾದುದು ಸುಮಾರು 20 ಮೀಟರು ತಂತಿ, ಎರಡು ಮರಗಳು, ಒಂದು ಕಾರಿನ ಬ್ಯಾಟರಿ. ಬಡವರ ಉಪಗ್ರಹವೆಂದು ನಾವು ಇದನ್ನು ತರಗತಿಯಲ್ಲಿ ಕರೆಯುವುದುಂಟು.

ಮೂರನೆಯದು ನಿಜವಾದ ಉಪಗ್ರಹ. ಭೂಸ್ಥಿರ ಉಪಗ್ರಹವು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿದೆ. ಮಾತು ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು ಬೇಕು. ಪ್ರಶ್ನೆಗೆ ಉತ್ತರ ಬರಲು ಅರ್ಧ ಸೆಕೆಂಡು. ಅಭ್ಯಾಸವಿಲ್ಲದ ಇಬ್ಬರು ಇದರ ಮೇಲೆ ಮಾತನಾಡಿದರೆ ಒಬ್ಬರ ಮಾತನ್ನು ಇನ್ನೊಬ್ಬರು ತುಳಿಯುತ್ತಾರೆ. ಈ ಉಪಗ್ರಹಗಳು ಸಮಭಾಜಕ ವೃತ್ತದ ಮೇಲಿರುವುದರಿಂದ ಅಕ್ಷಾಂಶ ಏರಿದಂತೆ ಆಕಾಶದಲ್ಲಿ ಕೆಳಗಿಳಿಯುತ್ತವೆ. ವೀಕ್ಷಕನ ರೇಖಾಂಶದಲ್ಲಿಯೇ ಇರುವ ಉಪಗ್ರಹವು ವಯನಾಡಿನವನಿಗೆ ದಿಗಂತದಿಂದ ಸುಮಾರು 76 ಡಿಗ್ರಿ ಮೇಲೆ ಕಾಣುತ್ತದೆ. ಕೇದಾರನಾಥದವನಿಗೆ ಸುಮಾರು 54 ಡಿಗ್ರಿ. ದಕ್ಷಿಣಕ್ಕೆ ಕಡಿದಾದ ಪರ್ವತವಿದ್ದರೆ ಹಿಮಾಲಯದಲ್ಲಿ ಉಪಗ್ರಹ ಮರೆಯಾಗುವ ಸಂಭವ ಹೆಚ್ಚು. ನಮ್ಮ ಸಹ್ಯಾದ್ರಿಯ ಕಣಿವೆಗಳಿಗೆ ಭೂಗೋಳವು ಇಷ್ಟರ ಮಟ್ಟಿಗೆ ಉಪಕಾರ ಮಾಡಿದೆ.

ಸಂಚಾರೀ ಗೋಪುರವೆಂಬ ಇನ್ನೊಂದು ಉಪಾಯವೂ ಉಂಟು. ಲಾರಿಯ ಮೇಲೆ ಮಡಿಸುವ ಕಂಬ, ಮೊಬೈಲ್ ಕೇಂದ್ರ, ವಿದ್ಯುತ್ ಯಂತ್ರ, ಉಪಗ್ರಹದ ತಟ್ಟೆ ಇವನ್ನೆಲ್ಲ ಹೂಡಿ ತಂದರೆ ಜನರ ಕೈಯಲ್ಲಿರುವ ಫೋನುಗಳೇ ಮತ್ತೆ ಮಾತನಾಡುತ್ತವೆ. ಆದರೆ ಲಾರಿ ಬರಲು ರಸ್ತೆ ಬೇಕು, ರಸ್ತೆಗೆ ಸೇತುವೆ ಬೇಕು. ಸೇತುವೆಗೆ ಸುದ್ದಿ ಬೇಕು, ಸುದ್ದಿಗೆ ಸೇತುವೆ ಬೇಕು ಎಂಬ ಈ ಚಕ್ರವನ್ನು ಮೊದಲು ಒಡೆಯುವವನು ಬೆನ್ನ ಮೇಲೆ ರೇಡಿಯೋ ಹೊತ್ತು ನಡೆದು ಬರುವ ಮನುಷ್ಯ.

ಯಂತ್ರದಷ್ಟೇ ಮುಖ್ಯವಾದುದು ಮಾತಿನ ಶಿಸ್ತು. ಒಂದು ಆವರ್ತದ ಮೇಲೆ ಒಮ್ಮೆಗೆ ಒಬ್ಬನೇ ಮಾತನಾಡಬಲ್ಲ. ಆದುದರಿಂದ ಸಿಗ್ನಲ್ಸ್ ದಳದವರು ಒಂದು ನಿಯಂತ್ರಣ ಕೇಂದ್ರವನ್ನು ನೇಮಿಸಿ, ಅದರ ಅಪ್ಪಣೆಯಿಲ್ಲದೆ ಯಾರೂ ಬಾಯಿ ತೆರೆಯದಂತೆ ನಡೆಸುತ್ತಾರೆ. ಸಂದೇಶವನ್ನು ಮೊದಲು ಬರೆದುಕೊಂಡು, ವೇಳೆಯನ್ನು ನಮೂದಿಸಿ, ಅದರ ತುರ್ತನ್ನು ಗೊತ್ತುಮಾಡಿ, ಅನಂತರ ಓದುತ್ತಾರೆ. ಕೇಳಿದವನು ಅಂಕಿಗಳನ್ನು ಹಿಂದಿರುಗಿ ಓದಿ ಒಪ್ಪಿಸುತ್ತಾನೆ. ನೂರತೊಂಬತ್ತು ಅಡಿ ಎಂಬುದು ನೂರೊಂಬತ್ತು ಎಂದು ಕೇಳಿಸಿದರೆ ತಪ್ಪು ಸೇತುವೆ ಹೊರಟುಬಿಡುತ್ತದೆ.

7. ಕರೆಯಬಹುದಾದಷ್ಟು, ಕರೆಯಬಾರದಷ್ಟು

ಸೇನಾ ಇಂಜಿನಿಯರರ ಈ ಸಾಮರ್ಥ್ಯವೇ ಒಂದು ಅಪಾಯಕ್ಕೂ ದಾರಿಯಾಗುತ್ತದೆ. 2010ರ ಸೆಪ್ಟೆಂಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳ ಮುನ್ನಾ ದಿನಗಳಲ್ಲಿ ಕ್ರೀಡಾಂಗಣದ ಬಳಿಯ ಕಾಲುಸೇತುವೆ ಕುಸಿದಾಗ ಸೇನೆಯವರು ಕೆಲವೇ ದಿನಗಳಲ್ಲಿ ಬೇಲಿ ಸೇತುವೆಯನ್ನು ಕಟ್ಟಿಕೊಟ್ಟರು. 2017ರ ಸೆಪ್ಟೆಂಬರ್ 29ರಂದು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ನೂಕುನುಗ್ಗಲಿನಲ್ಲಿ 23 ಜನರು ಮಡಿದ ಮೇಲೆ ಅಲ್ಲಿಯೂ ಸೇನೆಯೇ ಕಾಲುಸೇತುವೆಯನ್ನು ಕಟ್ಟಿತು. 2018ರ ಫೆಬ್ರವರಿಯಲ್ಲಿ ಅದು ಬಳಕೆಗೆ ತೆರೆಯಿತು. ಆಗ ಅನೇಕರು ಎತ್ತಿದ ಆಕ್ಷೇಪ ವಿಚಾರಯೋಗ್ಯವಾದುದು: ನಗರದ ನಿತ್ಯದ ಕೆಲಸಕ್ಕೆ ಸೈನ್ಯವನ್ನು ಕರೆಯುವುದಾದರೆ ನಾಗರಿಕ ಇಲಾಖೆಗಳ ಹೊಣೆ ಏನಾಯಿತು?

ನಮಗೆ ತೋರುವಂತೆ ಇಲ್ಲಿನ ಗೆರೆ ಸ್ಪಷ್ಟವಾಗಿದೆ. ನಾಗರಿಕ ಸಾಧನಗಳು ಆ ಹೊತ್ತಿಗೆ ಮುಟ್ಟಲಾರದ ಕಡೆ, ಪ್ರಾಣ ಗಂಟೆಗಳ ಲೆಕ್ಕದಲ್ಲಿ ನಿಂತಿರುವಾಗ, ಸೈನ್ಯವನ್ನು ಕರೆಯುವುದು ಧರ್ಮ. ವರ್ಷಗಟ್ಟಲೆ ಗೊತ್ತಿದ್ದೂ ಮಾಡದ ಕೆಲಸವನ್ನು ಮುಗಿಸಲು ಕರೆಯುವುದು ಅನುಕೂಲ ಮಾತ್ರ. ಮೇಲಾಗಿ ಬೇಲಿ ಸೇತುವೆ ತಾತ್ಕಾಲಿಕವಾದುದು; ಗೂಟಗಳು ಸಡಲುತ್ತವೆ, ಹಾಸು ಸವೆಯುತ್ತದೆ, ಅದನ್ನು ಆಗಾಗ್ಗೆ ಪರೀಕ್ಷಿಸುತ್ತಿರಬೇಕು. ತಾತ್ಕಾಲಿಕವಾದುದು ನಿಂತಿದೆಯೆಂಬ ಸಮಾಧಾನದಲ್ಲಿ ಶಾಶ್ವತವಾದುದನ್ನು ಮರೆಯುವುದು ನಮ್ಮಲ್ಲಿ ಅಪರೂಪವಲ್ಲ.

8. ನಮ್ಮ ಪಾಲಿನ ಕೆಲಸ

ಈ ವಿಷಯ ಕೇರಳದ್ದು ಮಾತ್ರವೆಂದು ಭಾವಿಸಬಾರದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮಡಿಕೇರಿಯ ಸುತ್ತಲ ಊರುಗಳು ದಾರಿ ತಪ್ಪಿದುವು. 2019ರ ಮಹಾಪೂರದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಬೆಂಗಳೂರಿನಿಂದ ಸೇನಾ ಇಂಜಿನಿಯರರ ತಂಡಗಳು ಹೋಗಬೇಕಾಯಿತು. ವಯನಾಡಿನ ದುರಂತಕ್ಕೆ ಎರಡೇ ವಾರ ಮುಂಚೆ, 2024ರ ಜುಲೈ 16ರಂದು, ಅಂಕೋಲೆಯ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿಯ ಪಾತ್ರವನ್ನು ಸೇರಿತು. ಘಟ್ಟದ ಎರಡು ಮಗ್ಗುಲಲ್ಲಿಯೂ ಇಂತಹ ನೂರಾರು ಹೊಳೆಗಳಿವೆ. ಒಂದೊಂದು ಊರಿಗೆ ಒಂದೊಂದೇ ಸೇತುವೆಯಿದೆ.

ನಾಲ್ಕನೆಯ ಭಾಗದಲ್ಲಿ ಹೇಳಿದ ಐದು ಅಂಕಿಗಳನ್ನು ಓದುಗರು ಮತ್ತೊಮ್ಮೆ ನೆನೆಯಬೇಕು. ಅಂತರ, ದಡಗಳ ಎತ್ತರ, ಜೋಡಣೆಯ ನೆಲ, ಲಾರಿಯ ದಾರಿ, ಭಾರದ ವರ್ಗ. ಇವನ್ನು ಅಳೆಯಲು ವಿಪತ್ತು ಬರುವ ತನಕ ಕಾಯಬೇಕಾಗಿಲ್ಲ; ಪ್ರವಾಹ ದಡವನ್ನು ತಿಂದು ಅಂತರವನ್ನು ಹೆಚ್ಚಿಸಬಹುದು, ಆದರೂ ಮೊದಲ ಅಂದಾಜು ಕೈಯಲ್ಲಿರುತ್ತದೆ. ಸರಪಣಿ, ಮಟ್ಟದ ಯಂತ್ರ ಮತ್ತು ಒಂದು ನೋಟು ಪುಸ್ತಕ ಸಾಕು. ಮಲೆನಾಡಿನ ಕಾಲೇಜುಗಳ ವಿದ್ಯಾರ್ಥಿಗಳು ತಂತಮ್ಮ ತಾಲ್ಲೂಕಿನ ಸೇತುವೆಗಳನ್ನು ಬೇಸಗೆಯಲ್ಲಿ ಅಳೆದು, ಊರಿಗೊಂದು ಹಾಳೆಯಂತೆ ಬರೆದು, ಜಿಲ್ಲಾ ಕಚೇರಿಗೆ ಒಪ್ಪಿಸಿದರೆ ಕೇಳುವವನಿಗೆ ಏನು ಕೇಳಬೇಕೆಂಬುದು ಮೊದಲ ಗಂಟೆಯಲ್ಲಿಯೇ ತಿಳಿದಿರುತ್ತದೆ. ಮಳೆಗಾಲಕ್ಕೆ ಮುಂಚೆ ಸೇತುವೆಯ ಸಾಮಗ್ರಿಯ ಒಂದು ಭಾಗವನ್ನು ಘಟ್ಟಕ್ಕೆ ಸಮೀಪದ ಊರುಗಳಲ್ಲಿ ಇರಿಸಬಹುದೇ ಎಂಬುದನ್ನು ಆಡಳಿತದವರು ಆಲೋಚಿಸಲು ಇಂತಹ ಹಾಳೆಗಳೇ ಆಧಾರವಾಗುತ್ತವೆ.

ಎರಡನೆಯದಾಗಿ, ಭೌತಶಾಸ್ತ್ರದ ವಿಭಾಗವಿರುವ ಕಾಲೇಜುಗಳು ಹವ್ಯಾಸಿ ರೇಡಿಯೋ ಸಂಘಗಳನ್ನು ನಡೆಸಬಹುದು. ಪರೀಕ್ಷೆ ಮುಗಿಸಿ ಪರವಾನಗಿ ಪಡೆದ ನಾಲ್ವರು ವಿದ್ಯಾರ್ಥಿಗಳಿದ್ದರೆ ಆ ಊರಿಗೆ ಸುದ್ದಿಯ ಒಂದು ಬಾಗಿಲು ತೆರೆದಂತೆಯೇ. 2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿಗೆ ಹವ್ಯಾಸಿಗಳ ಒಂದು ತಂಡ ತನ್ನ ವಿನೋದಕ್ಕಾಗಿ ಅಂಡಮಾನಿಗೆ ಹೋಗಿತ್ತು. ದ್ವೀಪಗಳ ಮಾತು ನಿಂತಾಗ ಹೊರಗಿನ ಲೋಕಕ್ಕೆ ಸುದ್ದಿ ಮುಟ್ಟಿಸಿದವರಲ್ಲಿ ಅವರೂ ಸೇರಿದ್ದರು. ಹವ್ಯಾಸವಾಗಿ ಕಲಿತದ್ದು ಆಪತ್ತಿಗೆ ಒದಗಿತು.

ವಯನಾಡಿನ ಆ ಸಂಜೆ ಮೊದಲ ವಾಹನ ಸೇತುವೆಯನ್ನು ದಾಟಿದಾಗ ದಡದಲ್ಲಿದ್ದ ಯೋಧರು ಘೋಷಣೆ ಮಾಡಿದುದನ್ನು ನಾವೆಲ್ಲರೂ ಚಿತ್ರಗಳಲ್ಲಿ ನೋಡಿದೆವು. ಅವರು ಸಂತೋಷಕ್ಕೆ ಅರ್ಹರು. ಆದರೆ ಆಚೆಯ ದಡದಲ್ಲಿ ಎರಡು ರಾತ್ರಿ ಕಳೆದುಹೋಗಿದ್ದುವು. ಆ ಎರಡು ರಾತ್ರಿಗಳನ್ನು ಒಂದು ಮಾಡುವುದು ಯೋಧರ ತೋಳಿನಿಂದ ಆಗುವ ಕೆಲಸವಲ್ಲ. ಅವರು ತಮ್ಮಿಂದಾದುದನ್ನು ಮಾಡಿದ್ದಾರೆ. ಅದು ಬೇಸಗೆಯಲ್ಲಿ ಅಳೆದು ಬರೆದಿಡುವವರ ಕೆಲಸ, ಎಂದರೆ ನಮ್ಮದು.